ಬೀಗ ಬಿದ್ದ ಶಾಲೆಗಳು ಕಲಿಸುವ ಪಾಠ

(ಉಪನ್ಯಾಸದ ಲಿಖಿತ ರೂಪ)



ವರ್ಣದ ಆಧಾರದಲ್ಲಿ ಮಕ್ಕಳನ್ನು ಬೇರೆ ಬೇರೆ ಶಾಲೆಗಳಿಗೆ ಅಟ್ಟುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಮ್ ಕೋರ್ಟು 1954ರ ಮೇ 17ರಂದು ಒಮ್ಮತದಿಂದ ಸಾರಿತು. ಬ್ರೌನ್ ತೀರ್ಪೆಂದೇ ಅದು ಪ್ರಸಿದ್ಧ. ಆದರೆ ತೀರ್ಪೊಂದರಿಂದಲೇ ಎಲ್ಲವೂ ಸರಿಹೋಯಿತೇ? ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಇತಿಹಾಸವು ಇದಕ್ಕೆ ಉತ್ತರಿಸುತ್ತದೆ.

ಅಲ್ಲಿ ಕಪ್ಪು ವರ್ಣೀಯರ ಹೈಸ್ಕೂಲಿನಲ್ಲಿ ಜಾಗ ಸಾಲದೆ, ಡಾಂಬರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಪಾಠ ನಡೆಯುತ್ತಿತ್ತು. 1951ರಲ್ಲಿ ಬಾರ್ಬರಾ ಜಾನ್ಸ್ ಎಂಬ 16ರ ವಿದ್ಯಾರ್ಥಿನಿಯ ನೇತೃತ್ವದಲ್ಲಿ ಮಕ್ಕಳು ತರಗತಿ ಬಹಿಷ್ಕರಿಸಿದರು. ಅದರಿಂದ ಹುಟ್ಟಿದ ದಾವೆಯು ಬ್ರೌನ್ ಪ್ರಕರಣದಲ್ಲಿ ಸೇರಿದ ಐದು ದಾವೆಗಳಲ್ಲೊಂದು. ಅವರು ಗೆದ್ದರು. ಆದರೆ ಶಾಲೆಗಳನ್ನು ಎಲ್ಲರಿಗೂ ತೆರೆಯಬೇಕೆಂಬ ಆದೇಶ ಬಂದಾಗ, 1959ರಲ್ಲಿ ಕೌಂಟಿಯ ಆಡಳಿತವು ಅನುದಾನವನ್ನೇ ನಿರಾಕರಿಸಿ ಸರಕಾರಿ ಶಾಲೆಗಳಿಗೆಲ್ಲ ಬೀಗ ಜಡಿಯಿತು! ಬಿಳಿಯರ ಮಕ್ಕಳಿಗಾಗಿ ಖಾಸಗಿ ಶಾಲೆ ತಲೆಯೆತ್ತಿತು. ಸಾರ್ವಜನಿಕ ಹಣವೂ ಅದರ ನೆರವಿಗೆ ಹರಿಯಿತು. ಕಪ್ಪು ವರ್ಣೀಯರ ಮಕ್ಕಳಲ್ಲಿ ಕೆಲವರು ದೂರದ ಬಂಧುಗಳ ಮನೆ ಸೇರಿದರು. ಅನೇಕರ ಓದು ಅಲ್ಲಿಗೇ ನಿಂತಿತು. ಸುಪ್ರೀಮ್ ಕೋರ್ಟಿನ ಮಧ್ಯಪ್ರವೇಶದಿಂದ 1964ರಲ್ಲಿ ಶಾಲೆಗಳು ಪುನಃ ತೆರೆದವು. ಆಗಲೂ ಬಹುಪಾಲು ಬಿಳಿಯ ಮಕ್ಕಳು ಖಾಸಗಿ ಶಾಲೆಯಲ್ಲೇ ಉಳಿದರು.

ಉತ್ತರದ ನಗರಗಳಲ್ಲಿ ಇದು ಬೇರೆ ರೂಪ ತಾಳಿತು. ಅನುಕೂಲಸ್ಥರು ಉಪನಗರಗಳಿಗೆ ತೆರಳಿದರು. ಅಲ್ಲಿ ಶಾಲೆಗಳ ಆದಾಯಕ್ಕೆ ಸ್ಥಳೀಯ ಆಸ್ತಿ ತೆರಿಗೆಯೇ ದೊಡ್ಡ ಆಸರೆಯಾದ್ದರಿಂದ, ಅವರೊಂದಿಗೆ ಹಣವೂ ಹೊರನಡೆಯಿತು. ತಪ್ಪೆಸಗಿದ್ದು ಸಾಬೀತಾಗದ ಉಪನಗರಗಳನ್ನು ಡೆಟ್ರಾಯಿಟ್‌ನ ಶಾಲಾ ಏಕೀಕರಣದೊಳಗೆ ಎಳೆತರುವಂತಿಲ್ಲವೆಂದು 1974ರಲ್ಲಿ ಕೋರ್ಟೇ ತೀರ್ಪಿತ್ತಿತು. ದಕ್ಷಿಣದಲ್ಲಿ ಶಾಲೆಗಳು ಒಂದಾದಾಗ, ಕೆಲಸ ಕಳಕೊಂಡವರು ಕಪ್ಪು ವರ್ಣೀಯರಾದ ಸಾವಿರಾರು ಶಿಕ್ಷಕರು.

ಹಾಗಾದರೆ ಏಕೀಕರಣವು ವಿಫಲವೇ? ಖಂಡಿತ ಅಲ್ಲ. ಏಕೀಕೃತ ಶಾಲೆಗಳಲ್ಲಿ ಹೆಚ್ಚು ವರ್ಷ ಕಲಿತ ಕಪ್ಪು ವರ್ಣೀಯರ ಮಕ್ಕಳು ಮುಂದೆ ಹೆಚ್ಚು ಓದಿದರು, ಹೆಚ್ಚು ಗಳಿಸಿದರು, ಅವರ ಆರೋಗ್ಯವೂ ಉತ್ತಮಗೊಂಡಿತು ಎಂದು ಅರ್ಥಶಾಸ್ತ್ರಜ್ಞ ರಕ್ಕರ್ ಜಾನ್ಸನ್‌ರ ಅಧ್ಯಯನ ತೋರಿಸಿದೆ. ಬಿಳಿಯ ಮಕ್ಕಳಿಗೆ ಇದರಿಂದ ನಷ್ಟವಾಗಲಿಲ್ಲ. ಈ ಮಕ್ಕಳಿಗಾಗಿ ವ್ಯಯಿಸಿದ ಹಣ ಹೆಚ್ಚಿದ್ದು, ತರಗತಿಗಳು ಚಿಕ್ಕದಾದದ್ದು ಇದರ ಮುಖ್ಯ ಕಾರಣಗಳು.

ಬಲ್ಲವರ ಮಕ್ಕಳೂ ಬಡವರ ಮಕ್ಕಳೂ ಒಂದೇ ಸೂರಿನಡಿ ಕಲಿಯುವಾಗ, ಸೋರುವ ಸೂರನ್ನು ಪ್ರಶ್ನಿಸುವ ದನಿಗೆ ಬಲ ಬರುತ್ತದೆ. ಬಲ್ಲವರು ಹೊರನಡೆದರೆ ಆ ದನಿಯೂ ಉಡುಗುತ್ತದೆ. ನ್ಯಾಯಾಲಯವು ಶಾಲೆಯ ಬಾಗಿಲನ್ನು ತೆರೆಸಬಲ್ಲದು. ಒಳಗೆ ಉಳಿದು ಅದನ್ನು ಬೆಳೆಸಬೇಕಾದವರು ಹೆತ್ತವರೇ.