ದುಬಾರಿ ತಂತಿ, ಇಂಪಾದ ದನಿ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹ ರೂಪ)

ಕಾರ್ಯಕ್ರಮದಲ್ಲಿ ನನ್ನ ದನಿ ಕೇಳುವ ನೀವು ಈಗ ನನ್ನ ಅಕ್ಷರ ಓದುತ್ತಿದ್ದೀರಿ. ನಾನು ಓದಿದ್ದು ಕನ್ನಡ ಬಿ.ಎ. ಹಳಗನ್ನಡ ಕೇಳಿ, ಛಂದಸ್ಸು ಕೇಳಿ, ತಿಳಿದಷ್ಟು ಹೇಳುತ್ತೇನೆ. ವೈರು, ವಿದ್ಯುತ್ತು ನನ್ನ ವಿಷಯವಲ್ಲ. ಆದರೆ ರೇಡಿಯೋದಲ್ಲಿ ಉದ್ಘೋಷಕಿ ಎಂದ ಮೇಲೆ, ನೆಂಟರಿಷ್ಟರಲ್ಲಿ ಯಾರ ಮನೆಯ ಸ್ಪೀಕರ್ ಕೆಟ್ಟರೂ ಮೊದಲು ಫೋನ್ ಬರುವುದು ನನಗೇ.

ಕಳೆದ ದಸರೆಗೆ ಮುಂಚೆ ಹಾಗೆ ಎರಡು ಫೋನ್ ಬಂದವು. ಒಂದು ವಿಜಯವಾಡದಿಂದ, ಚಿಕ್ಕಮ್ಮನ ಮಗನದು. ಇನ್ನೊಂದು ವಿಶಾಖಪಟ್ಟಣದಿಂದ, ನನ್ನ ಸೋದರಮಾವನದು. ಇಬ್ಬರ ಪ್ರಶ್ನೆಯೂ ಒಂದೇ: ದುಬಾರಿ ಡಿಜಿಟಲ್ ಕೇಬಲ್ ಹಾಕಿಸಿದರೆ ಹಾಡು ಚೆನ್ನಾಗಿ ಕೇಳುತ್ತದೆಯೇ? ಹೇಗೂ ಕನಕದುರ್ಗೆಯ ದರ್ಶನಕ್ಕೆ ಹೊರಟಿದ್ದೆ. ಎರಡು ಮನೆಯನ್ನೂ ನೋಡಿಕೊಂಡು ಬರೋಣ ಎಂದುಕೊಂಡೆ.

ಹೊರಡುವ ಮುನ್ನ ನಮ್ಮ ಕಂಟ್ರೋಲ್ ರೂಮಿನ ಹಿರಿಯ ಎಂಜಿನಿಯರ್ ಒಬ್ಬರನ್ನು ಕೇಳಿದೆ. ಅವರು ನಕ್ಕು, "ನಿಮ್ಮ ಮನೆಗೆ ಹಿಂದೆ ತಂತಿ ಬರುತ್ತಿತ್ತಲ್ಲ, ಅದನ್ನು ನೆನಪು ಮಾಡಿಕೊಳ್ಳಿ" ಎಂದರು. ನಮ್ಮ ಭಾಷೆಯಲ್ಲಿ ಟೆಲಿಗ್ರಾಮಿಗೂ ವೈರಿಗೂ ತಂತಿ ಎಂದೇ ಹೆಸರು. 2013ರ ಜುಲೈಯಲ್ಲಿ ಆ ಸೇವೆ ನಿಂತುಹೋಯಿತು, ಆದರೆ ತಂತಿಯವನ ಸೈಕಲ್ ಗಂಟೆಗೆ ಎದೆ ಝಲ್ಲೆನ್ನುತ್ತಿದ್ದುದು ಹಿರಿಯರಿಗೆ ಮರೆತಿರಲಾರದು. "ಗಂಡು ಮಗು ಹುಟ್ಟಿದೆ" ಎಂಬ ತಂತಿಯನ್ನು ಹಳೇ ಸೈಕಲ್ಲಿನವನು ತಂದರೂ ಹೊಸ ಮೋಟಾರ್ ಸೈಕಲ್ಲಿನವನು ತಂದರೂ ಸುದ್ದಿ ಅದೇ. ಕಾಗದ ಸ್ವಲ್ಪ ನೆನೆದಿದ್ದರೂ ಅಕ್ಷರ ಗುರುತು ಸಿಕ್ಕರೆ ಸಾಕು. ತೀರ ನೆನೆದರೆ ಒಂದು ಪದವೇ ಅಳಿಸಿಹೋಗುತ್ತದೆ. ಆದರೆ ಮೋಟಾರ್ ಸೈಕಲ್ಲಿನಲ್ಲಿ ಬಂದ ಮಾತ್ರಕ್ಕೆ ಮಗು ಇನ್ನೂ ಮುದ್ದಾಗುವುದಿಲ್ಲ.

ಡಿಜಿಟಲ್ ಕೇಬಲ್ಲಿನ ಕೆಲಸವೂ ಹೀಗೆಯೇ. ಅದರಲ್ಲಿ ಹರಿಯುವುದು ಹಾಡಲ್ಲ, ಅಂಕಿ. ಒಂದು ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಬಾರಿ ಧ್ವನಿಯ ಅಳತೆ ಇರುತ್ತದೆ. ಒಂದೊಂದು ಅಳತೆಗೂ 16 ಬಿಟ್, ಎಡಕ್ಕೊಂದು ಬಲಕ್ಕೊಂದು. ಲೆಕ್ಕ ಹಾಕಿದರೆ ಸೆಕೆಂಡಿಗೆ 14,11,200 ಸೊನ್ನೆ ಮತ್ತು ಒಂದು. ಆ ಕಡೆಯ ಯಂತ್ರ ನೋಡುವುದು ಇಷ್ಟೇ: ಬಂದದ್ದು ಸೊನ್ನೆಯೋ ಒಂದೋ? ಗುರುತು ಸಿಕ್ಕಿತೆಂದರೆ ಕೇಬಲ್ಲಿನ ಕೆಲಸ ಮುಗಿಯಿತು. ಸಿಗದಿದ್ದರೆ ಚಟಪಟ ಸದ್ದು ಬರುತ್ತದೆ, ಇಲ್ಲವೇ ಹಾಡು ತುಂಡಾಗುತ್ತದೆ. ದನಿ ತುಸು ಮಂಕಾಗುವುದು, ಶ್ರುತಿ ಇನ್ನಷ್ಟು ಇಂಪಾಗುವುದು ಎಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ.

ಅಂಕಿ ಸರಿಯಾಗಿ ಬಂದರೂ ತಾಳ ತಪ್ಪಿ ಬಂದರೆ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅಂಕಿಗಳು ಕ್ಷಣದ ಲೆಕ್ಕದಲ್ಲಿ ಹಿಂದುಮುಂದಾಗುವುದಕ್ಕೆ ಜಿಟ್ಟರ್ ಎನ್ನುತ್ತಾರೆ. ಅದು ಇರುವುದು ನಿಜ, ಕೇಬಲ್ಲಿನಿಂದಲೂ ಒಂದಿಷ್ಟು ಬರುವುದು ನಿಜ. ಆದರೆ 2005ರಲ್ಲಿ ಜಪಾನಿನಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಪಳಗಿದ ಕಿವಿಯವರಿಗೂ ಇಂಥ ಏರುಪೇರು ಕೇಳಿಸಿದ್ದು ಅದು ನೂರಾರು ನ್ಯಾನೊಸೆಕೆಂಡ್ ಆದಾಗ. ಒಂದು ಸೆಕೆಂಡಿನ 100 ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೊಸೆಕೆಂಡ್. ಸುಸ್ಥಿತಿಯಲ್ಲಿರುವ ಮನೆಯ ಯಂತ್ರಗಳಲ್ಲಿ ಏರುಪೇರು ಅದಕ್ಕಿಂತ ಎಷ್ಟೋ ಕಡಿಮೆ.

ಇಷ್ಟು ವಿದ್ಯೆ ಕಟ್ಟಿಕೊಂಡು ವಿಜಯವಾಡದಲ್ಲಿ ಇಳಿದೆ. ದರ್ಶನ ಮುಗಿಸಿ ತಮ್ಮನ ಮನೆಗೆ ಹೋದರೆ, ಟಿ.ವಿ.ಯಿಂದ ಸೌಂಡ್ ಬಾರಿಗೆ ಹೋಗುವ ಸದ್ದು ಐದು ನಿಮಿಷಕ್ಕೊಮ್ಮೆ ಕಟ್ಟಾಗುತ್ತಿತ್ತು. "ಆರು ಸಾವಿರದ ಆಪ್ಟಿಕಲ್ ಕೇಬಲ್ ಅಕ್ಕಾ ಇದು, ಇದರಲ್ಲಿ ತಪ್ಪಿರೋದಕ್ಕೆ ಸಾಧ್ಯವೇ ಇಲ್ಲ. ಇನ್ನೂ ಮೇಲಿನದು ತರಬೇಕೇನೋ" ಎಂದ. ಈ ಕೇಬಲ್ಲಿನಲ್ಲಿ ಹೋಗುವುದು ವಿದ್ಯುತ್ತಲ್ಲ, ಕೆಂಪು ಬೆಳಕು. 1983ರಲ್ಲಿ ತೋಷಿಬಾ ಕಂಪನಿ ತಂದ ಏರ್ಪಾಡು ಇದು. ಬೀರುವನ್ನು ಸ್ವಲ್ಪ ಎಳೆದು ನೋಡಿದೆವು. ಗೋಡೆಗೂ ಬೀರುವಿಗೂ ನಡುವೆ ಆ ಕೇಬಲ್ ಮೊಣಕೈ ಮಡಚಿದ ಹಾಗೆ ಮಡಚಿಕೊಂಡಿತ್ತು. ಮಡಿಕೆಯಲ್ಲಿ ಬೆಳಕು ಸೋರಿಹೋಗುತ್ತಿತ್ತು. ಬೆಸೆಂಟ್ ರೋಡಿನ ಕಡೆ ಹೋಗಿ 350 ರೂಪಾಯಿಗೆ ಒಂದು ಸಾದಾ ಕೇಬಲ್ ತಂದು, ಸುತ್ತು ಬಳಸಿ ಸಡಿಲವಾಗಿ ಹಾಕಿದೆವು. ಅವತ್ತಿನಿಂದ ಸದ್ದು ನಿಂತಿಲ್ಲ. ಆರು ಸಾವಿರದ್ದು ಸೋತಲ್ಲಿ ಮುನ್ನೂರೈವತ್ತರದ್ದು ಗೆದ್ದಿತು. ಬೆಲೆಗೂ ಅದಕ್ಕೂ ಸಂಬಂಧವಿರಲಿಲ್ಲ, ಹಾಕಿದ ರೀತಿಗೆ ಇತ್ತು.

ಮರುದಿನ ಬೆಳಗಿನ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು ಮಧ್ಯಾಹ್ನಕ್ಕೆ ವಿಶಾಖಪಟ್ಟಣ ಸೇರಿದೆ. ಮಾವ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಎಪ್ಪತ್ತೊಂದು ವರ್ಷ. ಮನೆ ಎಂ.ವಿ.ಪಿ. ಕಾಲೊನಿಯಲ್ಲಿ. ಸಮುದ್ರ ಹತ್ತಿರವಾದ್ದರಿಂದ ಉಪ್ಪುಗಾಳಿಗೆ ಕಿಟಕಿಯ ಸರಳೆಲ್ಲ ತುಕ್ಕು. ಅವರಿಗೆ ಬಾಲಮುರಳಿಕೃಷ್ಣ ಎಂದರೆ ಪ್ರಾಣ. 1948ರಲ್ಲಿ ಶುರುವಾದ ವಿಜಯವಾಡ ಆಕಾಶವಾಣಿಯಲ್ಲಿ ಕೆಲಸ ಮಾಡಿದ ಆ ಗಾಯಕರೇ, 1975ರ ನಮ್ಮ 'ಹಂಸಗೀತೆ' ಚಿತ್ರಕ್ಕೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದವರು. "ನಮ್ಮ ಎರಡೂ ರಾಜ್ಯಕ್ಕೆ ಸೇರಿದ ಕಂಠ ಕಣೇ ಅದು" ಎಂದು ಮಾವ ಹೇಳುತ್ತಲೇ ಇರುತ್ತಾರೆ.

ಅವರ ದೂರು ಬೇರೆ. ಹಾಡು ನಿಲ್ಲುತ್ತಿರಲಿಲ್ಲ, ಚಟಪಟವೂ ಇರಲಿಲ್ಲ. "ರಾಗ ಕೇಳುತ್ತೆ, ಸಾಹಿತ್ಯ ಕೇಳೋದಿಲ್ಲ. ದನಿಗೆ ಕಂಬಳಿ ಹೊದೆಸಿದ ಹಾಗಿದೆ" ಎಂದರು. ಒಂದು ಅಂಗಡಿಯವರು ಸಿ.ಡಿ. ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹಾಕುವ ಒಂದೂವರೆ ಮೀಟರ್ ಡಿಜಿಟಲ್ ಕೇಬಲ್ಲನ್ನು ಒಂದು ವಾರ ಪರೀಕ್ಷೆಗೆಂದು ಕೊಟ್ಟಿದ್ದರು. ಬೆಲೆ 18,000 ರೂಪಾಯಿ. ಮಾವ ಆಗಲೇ ಚೆಕ್ ಬರೆದಿಟ್ಟಿದ್ದರು. "ಹಾಕಿದ ತಕ್ಷಣ ಕಂಬಳಿ ತೆಗೆದ ಹಾಗಾಯ್ತು ನೋಡು" ಎಂದರು. ಅತ್ತೆ ಏನೂ ಹೇಳದೆ ಒಳಗೆ ಹೋದರು.

ನಾನು ಒಂದು ಆಟ ಹೂಡಿದೆ. ಯಂತ್ರಗಳ ಹಿಂಬದಿಗೆ ಮಾವನ ಪಂಚೆಯನ್ನೇ ಪರದೆ ಕಟ್ಟಿದೆ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ಹೊಸ ಕೇಬಲ್, ಇಲ್ಲದಿದ್ದರೆ ಹಳೆಯದು. ಅದೇ ಹಾಡು, ಅದೇ ವಾಲ್ಯೂಮ್. ಯಾವ ಕೇಬಲ್ ಎಂದು ಮಾವ ಹೇಳಬೇಕು, ಅತ್ತೆ ಬರೆದುಕೊಳ್ಳಬೇಕು. 16 ಬಾರಿ ಮಾಡಿದೆವು. 12 ಸರಿಯಾದರೆ ನಂಬಬಹುದು, ಏಕೆಂದರೆ ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಮಾವನದು 7 ಸರಿ. ಜಾಗ ಬದಲಿಸಿ ನಾನೂ ಕೂತೆ. ದಿನವೂ ಹೆಡ್‌ಫೋನ್ ಹಾಕುವ ಕಿವಿ ನನ್ನದು. ನನ್ನದು 9.

ಮಾವನ ಮುಖ ಸಣ್ಣದಾಯಿತು. ಆದರೆ ನನಗೆ ಇನ್ನೊಂದು ಯೋಚನೆ ಹತ್ತಿತ್ತು. ಹಳೆಯ ಕೇಬಲ್ಲಿನಲ್ಲಿ ನನಗೆ ಸಾಹಿತ್ಯ ಅಕ್ಷರ ಅಕ್ಷರವೂ ಕೇಳಿಸುತ್ತಿತ್ತು. ಹಾಗಾದರೆ ಕಂಬಳಿ ಎಲ್ಲಿದೆ?

ಪರದೆಯ ಹಿಂದೆಯೇ ನಿಂತು, ಮೆಲುದನಿಯಲ್ಲಿ ಒಂದೊಂದೇ ಪದ ಹೇಳಿದೆ. ಕಸ ಎಂದರೆ ಅವರು ಕಥೆ ಎಂದರು. ಹಾಸು ಎಂದರೆ ಹಾಕು ಎಂದರು. ಸರ, ಶರ, ಚರ ಮೂರೂ ಅವರಿಗೆ ಒಂದೇ ಆಗಿತ್ತು. ಉದ್ಘೋಷಕರಿಗೆ ಮೊದಲು ಕಲಿಸುವ ಪಾಠ ಇದು: ಸ್ವರಗಳಿಗೆ ಬಲವಿದೆ, ಸ, ಶ, ಚ, ತ ಇಂಥ ವ್ಯಂಜನಗಳು ನವಿರು, ಅವುಗಳ ಗುರುತು ಇರುವುದು ಮೇಲಿನ ಕಂಪನಗಳಲ್ಲಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಆ ಕಂಪನಗಳನ್ನೇ. ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ರಾಗ ಉಳಿಯುತ್ತದೆ, ಸಾಹಿತ್ಯ ಹೋಗುತ್ತದೆ.

ಆಗ ಅತ್ತೆ ಬಾಯಿಬಿಟ್ಟರು. "ಎರಡು ವರ್ಷದಿಂದ ನಾನು ಕೇಳಿದ್ದಕ್ಕೆ ಉತ್ತರ ಕೊಡೋದಿಲ್ಲ. ನನ್ನ ಮೇಲೆ ಏನೋ ಬೇಸರ ಅಂದುಕೊಂಡು ನಾನೂ ಮಾತು ಕಡಿಮೆ ಮಾಡಿದ್ದೆ." ಮಾವ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಫೋನೂ ಸರಿಯಿಲ್ಲ ಅಂತ ಎರಡು ಸಲ ಬದಲಾಯಿಸಿದೆ" ಎಂದರು.

ಮಾರನೆಯ ದಿನವೇ ಕಿವಿ ಪರೀಕ್ಷೆ ಮಾಡಿಸಿದೆವು. ಆಡಿಯೋಗ್ರಾಮಿನ ಗೆರೆ ಎಡದಲ್ಲಿ ನೆಟ್ಟಗೆ ಸಾಗಿ ಬಲಕ್ಕೆ ಹೋದಂತೆ ಇಳಿಜಾರಾಗಿತ್ತು, ಎರಡೂ ಕಿವಿಯದು. ಕೇಬಲ್ ಅಂಗಡಿಗೆ ಮರಳಿತು, ಚೆಕ್ ಹರಿಯಿತು. ಆ ಹಣಕ್ಕೆ ಇನ್ನಷ್ಟು ಸೇರಿಸಿ ಶ್ರವಣ ಸಾಧನ ಬಂತು. ಹಾಕಿಕೊಂಡ ಮೊದಲ ವಾರ, ಪಾತ್ರೆ ಸದ್ದು ಜಾಸ್ತಿ, ಫ್ಯಾನಿನ ಸದ್ದು ಜಾಸ್ತಿ ಎಂದು ಗೊಣಗಿದರು. ಈಗ ಸಾಹಿತ್ಯ ಪೂರ್ತಿ ಕೇಳುತ್ತದೆ ಎನ್ನಲಾರೆ, ಹಾಗೆಂದರೆ ಅದೂ ಅಂಗಡಿಯವರ ಮಾತೇ ಆದೀತು. ಅತ್ತೆಯ ಮಾತು ಕೇಳುತ್ತದೆ. ಮೊನ್ನೆ ಫೋನಿನಲ್ಲಿ ನನ್ನ ಉಚ್ಚಾರದಲ್ಲಿ ಒಂದು ತಪ್ಪನ್ನೂ ಹಿಡಿದರು.

ಹಾಗಾದರೆ ಕೇಬಲ್ಲಿಗೆ ದುಡ್ಡೇ ಹಾಕಬಾರದೇ? ಹಾಗಲ್ಲ. ಕರಾವಳಿಯ ಮನೆಯಾದರೆ ಕನೆಕ್ಟರಿಗೆ ಚಿನ್ನದ ಲೇಪ ಒಳ್ಳೆಯದು, ಉಪ್ಪುಗಾಳಿಗೆ ಕಿಲುಬು ಹಿಡಿಯುವುದಿಲ್ಲ. ಅಗ್ಗದ ಕೇಬಲ್ಲುಗಳಲ್ಲೂ ಅದು ಸಿಗುತ್ತದೆ. ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದಿದ್ದರೆ, ತಾಮ್ರದ ಕೇಬಲ್ ತೆಗೆದು ಆಪ್ಟಿಕಲ್ ಹಾಕಿ ನೋಡಿ. ಗ್ರೌಂಡ್ ಮೂಲಕ ಬರುವ ಗುಂಯ್ ಆದರೆ ನಿಲ್ಲುತ್ತದೆ. ಟಿ.ವಿ.ಗೆ ಎಚ್.ಡಿ.ಎಂ.ಐ. ಕೇಬಲ್ ಹತ್ತಾರು ಅಡಿ ಉದ್ದ ಬೇಕಾದರೆ, 'ಪ್ರೀಮಿಯಂ ಹೈ ಸ್ಪೀಡ್' ಎಂಬ ಪ್ರಮಾಣಪತ್ರದ ಚೀಟಿ ಇರುವುದನ್ನು ಕೊಳ್ಳಿ. ಅಲ್ಲಿ ಪ್ರೀಮಿಯಂ ಎಂದರೆ ಬೆಲೆ ಹೆಚ್ಚು ಎಂದಲ್ಲ, ಪರೀಕ್ಷೆಯಲ್ಲಿ ಪಾಸಾಗಿದೆ ಎಂದು. ಇದರಾಚೆಗೆ ಹಣ ಉಳಿದಿದ್ದರೆ ಒಳ್ಳೆಯ ಸ್ಪೀಕರಿಗೆ, ಕೋಣೆಯ ದಪ್ಪ ಪರದೆಗೆ ಹಾಕಿ. ವ್ಯತ್ಯಾಸ ಅಲ್ಲಿ ಕೇಳುತ್ತದೆ.

ಅಂಗಡಿಯವರು ಕೇಬಲ್ ಕೊಟ್ಟರೆ ಪಂಚೆ ಕಟ್ಟಿ, ನಾಣ್ಯ ಚಿಮ್ಮಿ. ಮನೆಯಲ್ಲಿ ಹಿರಿಯರು "ಈ ಸೆಟ್ಟು ಸರಿಯಿಲ್ಲ" ಎಂದರೆ ಸೆಟ್ಟಿನ ಜೊತೆಗೆ ಅವರ ಕಿವಿಯನ್ನೂ ಒಮ್ಮೆ ವಿಚಾರಿಸಿ.