ಹುಲ್ಲು ಕೊಚ್ಚುವ ಯಂತ್ರದ ಜೋಡಣೆ ಮತ್ತು ಹದ

(ಸಂಘದ ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಲ್ಲಿ ಸಂಘ ನಡೆದು ಬಂದ ದಾರಿಯನ್ನು ನಮಗಿಂತ ಮುಂಚೆ ಮಾತಾಡಿದ ಹಿರಿಯರು ವಿವರವಾಗಿ ತಿಳಿಸಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಸಣ್ಣದು. ಗೋದಾಮಿನ ಪಕ್ಕದ ಶೆಡ್ಡಿನಲ್ಲಿರುವ ಐದು ಅಡಿ ಅಗಲದ ರೋಟರಿ ಕಟರ್, ಅಂದರೆ ನಾವೆಲ್ಲ ಹುಲ್ಲು ಕೊಚ್ಚೋ ಮಿಷಿನ್ ಅನ್ನೋ ಯಂತ್ರವನ್ನು ಟ್ರ್ಯಾಕ್ಟರಿಗೆ ಹೇಗೆ ಕಟ್ಟಬೇಕು, ಹೇಗೆ ಹದ ಮಾಡಬೇಕು ಅನ್ನೋದು. ನಾವು ಓದಿದ್ದು ಎಸ್.ಎಸ್.ಎಲ್.ಸಿ., ಇಂಜಿನಿಯರಲ್ಲ. ತೋಟದಲ್ಲಿ ಓಡಿಸಿ, ವರ್ಕ್‌ಶಾಪಿನಲ್ಲಿ ನಿಂತು ನೋಡಿ ಕಲಿತದ್ದನ್ನು ಹೇಳ್ತೀವಿ.

ಹೋದ ಮುಂಗಾರಿನಲ್ಲಿ ಈ ಯಂತ್ರದ ಗೇರ್ ಬಾಕ್ಸ್ ಒಡೆದು ಇಪ್ಪತ್ತು ದಿನ ಮೂಲೆಗೆ ನಿಂತಿದ್ದು ಎಲ್ಲರಿಗೂ ಗೊತ್ತು. ಸ್ವಂತ ಯಂತ್ರ ಇದ್ದವರಿಗೆ ಏನೂ ಆಗಲಿಲ್ಲ. ಎರಡು ಎಕರೆ ತೋಟ ಇಟ್ಟುಕೊಂಡು ಸಂಘವನ್ನೇ ನಂಬಿದವರ ತೋಟದಲ್ಲಿ ಕಾಂಗ್ರೆಸ್ ಗಿಡ ಸೊಂಟದ ಮಟ್ಟ ಬೆಳೆದು, ಹೂ ಬಿಟ್ಟು ಬೀಜ ಉದುರಿಸಿತು. ಒಂದೊಂದು ಗಿಡದಲ್ಲಿ ಸಾವಿರಾರು ಬೀಜ. ಆಮೇಲೆ ಸಭೆಯಲ್ಲಿ "ಮಿಷಿನ್ನೇ ಸರಿ ಇಲ್ಲ, ಮಾರಿಬಿಡಿ" ಅಂತ ಮಾತು ಬಂತು. ಆ ಮಾತು ಇನ್ನೂ ತೀರ್ಮಾನವಾಗಿಲ್ಲ. ಮಿಷಿನ್ ಸರಿಯಾಗೇ ಇತ್ತು ಸ್ವಾಮಿ. ಒಡೆದದ್ದು ಶಾಫ್ಟಿನ ಉದ್ದದ ದೆಸೆಯಿಂದ.

ಅದು ಹೇಗೆ ಅಂದರೆ, ಪಿ.ಟಿ.ಓ. ಶಾಫ್ಟ್ ಒಂದರೊಳಗೆ ಒಂದು ಜಾರುವ ಎರಡು ಕೊಳವೆ. ಯಂತ್ರ ಏರಿಸಿ ಇಳಿಸುವಾಗ ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವಿನ ಅಂತರ ಹೆಚ್ಚು ಕಡಿಮೆ ಆಗುತ್ತೆ. ಸಂಘದ ಯಂತ್ರ ಇವತ್ತು ಒಬ್ಬರ ಟ್ರ್ಯಾಕ್ಟರಿಗೆ, ನಾಳೆ ಇನ್ನೊಬ್ಬರದಕ್ಕೆ. ಎಲ್ಲ ಟ್ರ್ಯಾಕ್ಟರಿನ ಅಂತರ ಒಂದೇ ಇರಲ್ಲ. ಅಂತರ ಗಿಡ್ಡ ಇರುವ ಟ್ರ್ಯಾಕ್ಟರಿಗೆ ಉದ್ದದ ಶಾಫ್ಟ್ ಹಾಕಿ ಹೈಡ್ರಾಲಿಕ್ ಎತ್ತಿದರೆ ಒಳಗಿನ ಕೊಳವೆ ತುದಿ ಮುಟ್ಟಿ ನಿಲ್ಲುತ್ತೆ. ಮುಂದೆ ಹೋಗಲು ಜಾಗ ಇಲ್ಲ. ಆಗ ಆ ಒತ್ತಡ ಒಂದು ಕಡೆ ಗೇರ್ ಬಾಕ್ಸಿನ ಬೇರಿಂಗಿಗೆ, ಇನ್ನೊಂದು ಕಡೆ ನಿಮ್ಮ ಟ್ರ್ಯಾಕ್ಟರಿನ ಪಿ.ಟಿ.ಓ.ಗೇ ಬೀಳುತ್ತೆ. ಯಾರ ಟ್ರ್ಯಾಕ್ಟರಿನಲ್ಲಿ ಹೀಗಾಯ್ತು ಅಂತ ಇಲ್ಲಿ ಹೇಳೋದು ಬೇಡ.

ನೋಡುವ ಕ್ರಮ ಸುಲಭ. ಶಾಫ್ಟ್ ಎರಡು ಭಾಗ ಮಾಡಿ, ಒಂದನ್ನು ಟ್ರ್ಯಾಕ್ಟರಿಗೆ, ಒಂದನ್ನು ಯಂತ್ರಕ್ಕೆ ಹಾಕಿ, ಅಕ್ಕಪಕ್ಕ ಹಿಡಿಯಿರಿ. ಪಿ.ಟಿ.ಓ. ಬಂದ್ ಇರಬೇಕು. ಹೈಡ್ರಾಲಿಕ್ ಏರಿಸಿ ಇಳಿಸಿದರೆ ಎರಡು ತುದಿ ಅತಿ ಹತ್ತಿರ ಬರುವ ಜಾಗ ಒಂದು ಸಿಗುತ್ತೆ. ಅಲ್ಲಿ ಕೂಡ ಕೊಳವೆ ಜಾರಲು ಕನಿಷ್ಠ ಒಂದು ಇಂಚು ಮಿಕ್ಕಿರಬೇಕು. ಅತಿ ದೂರ ಹೋದಾಗ ಕೊಳವೆಯ ಮೂರನೇ ಒಂದು ಭಾಗ ಒಂದರೊಳಗೊಂದು ಇರಲೇಬೇಕು. ಶಾಫ್ಟ್ ಉದ್ದ ಆಯ್ತು ಅಂತ ಯಾರೂ ಗರಗಸ ತರಬೇಡಿ. ಒಬ್ಬರ ಟ್ರ್ಯಾಕ್ಟರಿಗೆ ಕುಯ್ದರೆ ಇನ್ನೊಬ್ಬರದಕ್ಕೆ ಗಿಡ್ಡವಾಗುತ್ತೆ. ಅದಕ್ಕೇ ಸಂಘದಲ್ಲಿ ಈಗ ಎರಡು ಶಾಫ್ಟ್ ಇಟ್ಟಿದ್ದೀವಿ, ಉದ್ದದ್ದಕ್ಕೆ ಕೆಂಪು ಬಣ್ಣ, ಗಿಡ್ಡದ್ದಕ್ಕೆ ಹಳದಿ. ಯಾವ ಟ್ರ್ಯಾಕ್ಟರಿಗೆ ಯಾವುದು ಅಂತ ರಿಜಿಸ್ಟರಿನಲ್ಲಿ ಬರೆದಿದೆ. ಜೋಡಿಸುವಾಗ ಎರಡು ಕೊಳವೆಯ ಒಳಗಡೆ ಕವಲುಗಳು ಒಂದೇ ನೇರಕ್ಕೆ ಬರಬೇಕು. ಇಲ್ಲದಿದ್ದರೆ ಗಡಗಡ ನಡುಗಿ ಕ್ರಾಸು ಹೋಗುತ್ತೆ.

ಶಿಯರ್ ಬೋಲ್ಟಿನ ಮಾತೂ ಇಲ್ಲೇ ಹೇಳಿಬಿಡ್ತೀವಿ. ಬ್ಲೇಡು ಕಲ್ಲಿಗೋ ಬೊಡ್ಡೆಗೋ ಹೊಡೆದಾಗ ಗೇರ್ ಬಾಕ್ಸ್ ಉಳಿಸಲು ಅಂತಲೇ ಹಾಕಿರುವ ಮೆದು ಬೋಲ್ಟು ಅದು. ಮುರಿಯೋದೇ ಅದರ ಕೆಲಸ. "ಪದೇ ಪದೇ ಮುರೀತದೆ ಅಣ್ಣ" ಅಂತ ಗಟ್ಟಿ ಬೋಲ್ಟು ಹಾಕಿದರೆ ಬೋಲ್ಟು ಉಳಿಯುತ್ತೆ, ಗೇರ್ ಬಾಕ್ಸ್ ಹೋಗುತ್ತೆ.

ಇನ್ನು ಹದ. ಯಂತ್ರವನ್ನು ಗೋದಾಮಿನ ಮುಂದಿನ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೀ ಜೇಬಿಗೆ ಹಾಕಿಕೊಳ್ಳಿ. ಮೊದಲು ಎಡ ಬಲ. ಎರಡು ಪಕ್ಕದ ತಗಡಿನ ಅಂಚು ನೆಲದಿಂದ ಒಂದೇ ಎತ್ತರ ಇರಬೇಕು. ಇಲ್ಲದಿದ್ದರೆ ಬಲಗಡೆ ಎತ್ತುವ ರಾಡಿನ ಹಿಡಿ ತಿರುಗಿಸಿ ಸರಿ ಮಾಡಿ. ಆಮೇಲೆ ಮುಂದೆ ಹಿಂದೆ. ಇದರಲ್ಲೇ ಬಹಳ ಜನ ತಪ್ಪೋದು. ಪೂರ್ತಿ ಸಮ ಇಡಬಾರದು. ಮುಂಭಾಗ ಅರ್ಧದಿಂದ ಒಂದು ಇಂಚು ತಗ್ಗಿರಬೇಕು. ಹಾಗಿದ್ದರೆ ಹುಲ್ಲು ಮುಂದೆ ಒಂದು ಸಲ ಕುಯ್ದುಕೊಂಡು ಹಿಂದಿನಿಂದ ಸಲೀಸಾಗಿ ಹೊರಗೆ ಬೀಳುತ್ತೆ. ಹಿಂಭಾಗ ತಗ್ಗಿದ್ದರೆ ಕುಯ್ದ ಹುಲ್ಲೇ ಒಳಗೆ ಸುತ್ತಿ ಸುತ್ತಿ ಮತ್ತೆ ಕುಯ್ದುಕೊಳ್ಳುತ್ತೆ, ಎಂಜಿನ್ ಹೊಗೆ ಕಾರುತ್ತೆ, ಡೀಸೆಲ್ ವ್ಯರ್ಥ. ಟಾಪ್ ಲಿಂಕ್ ಗಿಡ್ಡ ಮಾಡಿದರೆ ಹಿಂಭಾಗ ಏಳುತ್ತೆ, ಉದ್ದ ಮಾಡಿದರೆ ಇಳಿಯುತ್ತೆ. ಟೇಪು ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ. ಚೆಕ್ ಚೈನು ಬಿಗಿ ಮಾಡದೆ ಬಿಟ್ಟರೆ ಯಂತ್ರ ಅತ್ತಿತ್ತ ಓಲಾಡಿ ಮರಕ್ಕೆ ತಾಗುತ್ತೆ.

ಕುಯ್ಯುವ ಎತ್ತರ ಮೂರು ನಾಲ್ಕು ಇಂಚಿಗೆ ಕಡಿಮೆ ಇಡಬೇಡಿ. ನಮ್ಮ ತಿಪಟೂರು, ಅರಸೀಕೆರೆ ಸೀಮೆಯ ತೋಟದಲ್ಲಿ ಕಲ್ಲು ಯಾವ ಜಾಗದಲ್ಲಿದೆ ಅಂತ ಯಾರೂ ಹೇಳಲಾರರು. ನೆಲ ಕೆರೆಯೋಕೆ ಇದು ಕುಂಟೆಯಲ್ಲ. ತೆಂಗಿನ ಬೇರು ಮೇಲುಮಣ್ಣಿನಲ್ಲೇ ಹರಡಿರುತ್ತೆ. ಆಳ ಉಳುಮೆ ಅದನ್ನು ಕತ್ತರಿಸುತ್ತೆ ಅಂತಲ್ಲವೇ ನಾವು ಈ ಯಂತ್ರ ತಂದದ್ದು? ಕುಯ್ದ ಹುಲ್ಲು ಅಲ್ಲೇ ಬಿದ್ದು ತೇವ ಹಿಡಿಯುತ್ತೆ. ಎದೆ ಮಟ್ಟ ಬೆಳೆದ ಕಳೆಯಾದರೆ ಮೊದಲು ಮೇಲಕ್ಕೆ ಒಂದು ಸುತ್ತು, ಆಮೇಲೆ ತಗ್ಗಿಸಿ ಇನ್ನೊಂದು ಸುತ್ತು.

ಬ್ಲೇಡಿನ ಬೋಲ್ಟು ಬಿಗಿ ಇರಬೇಕು, ಆದರೆ ಬ್ಲೇಡು ಕೈಯಲ್ಲಿ ದೂಡಿದರೆ ಆಡಬೇಕು. ಕಲ್ಲಿಗೆ ಹೊಡೆದಾಗ ಹಿಂದಕ್ಕೆ ಮಡಚಿಕೊಳ್ಳಲಿ ಅಂತ ಆ ವ್ಯವಸ್ಥೆ. ಬದಲಾಯಿಸುವಾಗ ಜೋಡಿಯಾಗಿ ಬದಲಾಯಿಸಿ. ಒಂದು ಹೊಸದು ಒಂದು ಹಳೆಯದು ಹಾಕಿದರೆ ತೂಕ ತಪ್ಪಿ ಯಂತ್ರವೆಲ್ಲ ಅದುರುತ್ತೆ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಲೇಬೇಡಿ, ತುಂಡು ಹಾರಿದರೆ ಗುಂಡು ಹಾರಿದ ಹಾಗೆ. ಬ್ಲೇಡು ನೋಡಲು ಯಂತ್ರದ ಕೆಳಗೆ ಹೋಗುವ ಮುಂಚೆ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ ನಂಬಿ ಯಾರೂ ತಲೆ ಹಾಕಬೇಡಿ.

ಓಡಿಸುವಾಗ ಎಂಜಿನ್ ನಿಧಾನ ಇಟ್ಟು ಪಿ.ಟಿ.ಓ. ಹಾಕಿ, ಆಮೇಲೆ ಮೀಟರಿನಲ್ಲಿ 540ರ ಗುರುತಿಗೆ ಏರಿಸಿ, ಸಣ್ಣ ಗೇರಿನಲ್ಲಿ ಹೋಗಿ. ಕುಯ್ತ ಸರಿ ಬರುತ್ತಿಲ್ಲ ಅಂದರೆ ನಡಿಗೆ ನಿಧಾನ ಮಾಡಿ, ಎಂಜಿನ್ ಇಳಿಸಬೇಡಿ. ಡ್ರಿಪ್ ಪೈಪು, ಬೇಲಿ ತಂತಿ, ಪ್ಲಾಸ್ಟಿಕ್ ದಾರ ಮುಂಚೆಯೇ ಎತ್ತಿಸಿ. ದಾರ ಸುತ್ತಿಕೊಂಡರೆ ಆಯಿಲ್ ಸೀಲ್ ಕುಯ್ದು ಗೇರ್ ಆಯಿಲ್ ಎಲ್ಲ ಸೋರಿ ಹೋಗುತ್ತೆ.

ತಾಯಂದಿರು ಇದೊಂದನ್ನು ಕೇಳಿಸಿಕೊಳ್ಳಬೇಕು. 540 ಅಂದರೆ ಶಾಫ್ಟ್ ಒಂದು ಸೆಕೆಂಡಿಗೆ 9 ಸುತ್ತು. ಶಾಫ್ಟಿನ ಸುತ್ತಳತೆ ಮುಕ್ಕಾಲು ಅಡಿ ಅಂದುಕೊಂಡರೂ ಒಂದು ಸೆಕೆಂಡಿನಲ್ಲಿ ಆರೂಮುಕ್ಕಾಲು ಅಡಿ ಬಟ್ಟೆ ಎಳೆದುಕೊಳ್ಳುತ್ತೆ. ಸೆರಗು, ಪಂಚೆ, ಹೆಗಲ ಮೇಲಿನ ಟವೆಲ್ಲು, ಯಾವುದೇ ಇರಲಿ, "ಅಯ್ಯೋ" ಅನ್ನೋ ಮುಂಚೆ ಮುಗಿದಿರುತ್ತೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಬಿಸಾಡಿ ಓಡಿಸುವವರಿಗೆ ಇನ್ನು ಮೇಲೆ ಯಂತ್ರ ಕೊಡೋದಿಲ್ಲ ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿದೆ. ಬೇಜಾರು ಮಾಡಿಕೊಳ್ಳಬೇಡಿ. ಓಡುವಾಗ 300 ಅಡಿ ಒಳಗೆ ಜನ, ದನ, ಮಕ್ಕಳು ಇರಬಾರದು, ಕಲ್ಲು ಸಿಡಿಯುತ್ತೆ. ಪಿ.ಟಿ.ಓ. ನಿಲ್ಲಿಸಿದ ಮೇಲೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತೆ, ಪೂರ್ತಿ ನಿಂತ ಮೇಲೇ ಕೆಳಗಿಳಿಯಿರಿ.

ಸಂಘದ ಸಾಲ ಒಬ್ಬರು ತೀರಿಸಿದರೆ ಇನ್ನೊಬ್ಬರಿಗೆ ಸಿಗುವ ಹಾಗೆಯೇ ಈ ಯಂತ್ರ. ಆದ್ದರಿಂದ ತರುವಾಗಲೂ ಒಪ್ಪಿಸುವಾಗಲೂ ಆಯಿಲ್, ಗ್ರೀಸು, ಬ್ಲೇಡು, ಬೋಲ್ಟು ನೋಡಿ ರಿಜಿಸ್ಟರಿಗೆ ಇಬ್ಬರೂ ಸಹಿ ಹಾಕುವ ಪದ್ಧತಿ ತಂದಿದ್ದೀವಿ. ಕ್ರಾಸಿಗೆ ಎಂಟು ಗಂಟೆ ಕೆಲಸಕ್ಕೊಮ್ಮೆ ಗ್ರೀಸು. ಈ ಮುಂಗಾರು ಹೀಗೆ ನಡೆಸಿ ನೋಡೋಣ, ಮಾರುವ ವಿಚಾರ ಆಮೇಲೆ ಸಭೆಗೆ ತನ್ನಿ.

ಊಟ ಆದ ಮೇಲೆ ಯಂತ್ರವನ್ನು ಗೋದಾಮಿನ ಮುಂದೆ ಎರಡು ಬೇರೆ ಟ್ರ್ಯಾಕ್ಟರಿಗೆ ಕಟ್ಟಿ ತೋರಿಸ್ತೀವಿ. ಡ್ರೈವರ್ ಹುಡುಗರು ಟೇಪು, ಸ್ಪ್ಯಾನರ್ ತಗೊಂಡು ಬನ್ನಿ, ಟವೆಲ್ಲು ಮನೆಯಲ್ಲೇ ಬಿಟ್ಟು ಬನ್ನಿ.