ಗುಟ್ಟು ಕಾಯುವುದು ಯಾರನ್ನು?



‘ಸೀಕ್ರೆಟ್’ ಎಂಬ ಇಂಗ್ಲಿಷ್ ಶಬ್ದ ಶಿವಮೊಗ್ಗದ ಕಚೇರಿಗಳಲ್ಲೂ ಭದ್ರಾವತಿಯ ಕಾರ್ಖಾನೆಗಳಲ್ಲೂ ಕನ್ನಡದ್ದೇ ಎಂಬಷ್ಟು ಬಳಕೆಯಲ್ಲಿದೆ. ಆದರೆ ಅದರ ಅರ್ಥ ಎಲ್ಲೆಡೆ ಒಂದೇ ಅಲ್ಲ. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ಬೇರ್ಪಡಿಸಿ ಇಟ್ಟದ್ದು’ ಎಂದು. ‘ಸೆಕ್ರೆಟರಿ’ಯೂ ಅದೇ ಬೇರಿನ ಪದ, ಮೊದಲು ಆತ ಒಡೆಯನ ಗುಟ್ಟು ಬಲ್ಲವನು. ಕನ್ನಡದಲ್ಲಿ ಆತ ‘ಕಾರ್ಯದರ್ಶಿ’; ಗುಟ್ಟು ಹೋಗಿ ಕೆಲಸ ಉಳಿಯಿತು.

ಇಂಗ್ಲಿಷಿನ ಈ ಒಂದು ಶಬ್ದಕ್ಕೆ ಕನ್ನಡದಲ್ಲಿ ಹಲವು ಮಾತುಗಳಿವೆ. ‘ರಹಸ್ಯ’ದ ಬೇರು ಏಕಾಂತ. ‘ಗುಪ್ತ’, ‘ಗೋಪ್ಯ’ಗಳ ಬೇರು ಕಾಪಾಡುವುದು. ‘ಗುಟ್ಟು’ ಮನೆಮಾತು. ‘ಮುಚ್ಚುಮರೆ’ ಎಂದೊಡನೆ ಮಾತ್ರ ತಪ್ಪಿನ ವಾಸನೆ ಬರುತ್ತದೆ. ಆದ್ದರಿಂದ ಎಲ್ಲಿ ‘ಸೀಕ್ರೆಟ್’ ಎಂಬ ಮಾತು ಕೇಳಿದರೂ ಅದು ಕಾಯುವುದು ಯಾರನ್ನು ಎಂದು ಕೇಳಬೇಕಾಗುತ್ತದೆ.

ಮೊದಲನೆಯದು ಸರ್ಕಾರದ ಗುಟ್ಟು. ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ ಉತ್ಪಾದನೆ ಆರಂಭಿಸಿದ 1923ರಲ್ಲಿಯೇ ಬ್ರಿಟಿಷರು ‘ಅಫಿಷಿಯಲ್ ಸೀಕ್ರೆಟ್ಸ್’ ಕಾಯ್ದೆ ತಂದರು. ಬೇಹುಗಾರಿಕೆ ತಡೆಯಲು ಬಂದ ಈ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ವಿಚಿತ್ರವೆಂದರೆ, ‘ಸೀಕ್ರೆಟ್’ ಎಂದರೇನು ಎಂಬ ವ್ಯಾಖ್ಯೆ ಅದರಲ್ಲಿಲ್ಲ. ವ್ಯಾಖ್ಯೆ ಇಲ್ಲದ ಕಡೆ ಸಾಮಾನ್ಯ ಕಡತವೂ ರಹಸ್ಯವಾಗಬಲ್ಲದು.

ಎರಡನೆಯದು ವ್ಯಾಪಾರದ ಗುಟ್ಟು, ‘ಟ್ರೇಡ್ ಸೀಕ್ರೆಟ್’. ಉಕ್ಕಿಗೆ ಯಾವ ಲೋಹ ಎಷ್ಟು ಬೆರೆಸಬೇಕೆಂಬ ಲೆಕ್ಕ ಪ್ರತಿಸ್ಪರ್ಧಿಯ ಕೈಸೇರಿದರೆ ವರ್ಷಗಳ ಶ್ರಮ ವ್ಯರ್ಥವಾದೀತು. ಇದನ್ನು ಭದ್ರಾವತಿಯವರಿಗೆ ವಿವರಿಸಬೇಕಿಲ್ಲ.

ಮೂರನೆಯದು ಬಡವನ ಗುಟ್ಟು, ‘ಸೀಕ್ರೆಟ್ ಬ್ಯಾಲೆಟ್’. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರಕ್ಕಾಗಿ ರೈತರು ಸತ್ಯಾಗ್ರಹ ಹೂಡಿದರು. ಆ ಹೋರಾಟದಲ್ಲಿದ್ದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರ ಚುನಾವಣೆಯಲ್ಲಿ ವಿಧಾನಸಭೆಗೆ ಆಯ್ಕೆಯಾದರು. ಭೂಮಿ ಒಡೆಯನದು, ಅನ್ನವೂ ಅವನ ಕೃಪೆಯದು ಎಂಬ ಕಾಲದಲ್ಲಿ ಗೇಣಿದಾರನ ಮತ ಮಾತ್ರ ಒಡೆಯನ ಕಣ್ಣಿಗೆ ಬೀಳುವಂತಿರಲಿಲ್ಲ. ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಮತದಾರನನ್ನು ಯಾರೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ 1951ರ ಜನತಾ ಪ್ರಾತಿನಿಧ್ಯ ಕಾಯ್ದೆ.

ಈ ಗುಟ್ಟುಗಳ ನಡುವಿನ ತಾರತಮ್ಯವನ್ನು 2005ರ ಮಾಹಿತಿ ಹಕ್ಕು ಕಾಯ್ದೆ ಗುರುತಿಸಿತು. ಮುಚ್ಚಿಡುವುದಕ್ಕಿಂತ ಬಹಿರಂಗಪಡಿಸುವುದರಲ್ಲೇ ಸಾರ್ವಜನಿಕ ಹಿತ ಹೆಚ್ಚೆಂದು ಕಂಡರೆ, 1923ರ ಕಾಯ್ದೆ ಅಡ್ಡ ಬಂದರೂ ಮಾಹಿತಿ ಕೊಡಬಹುದು. ವ್ಯಾಪಾರದ ಗುಟ್ಟಿಗೂ ಇದೇ ತಕ್ಕಡಿ. ಆದರೆ ಮತದಾರನ ಗುಟ್ಟು ಅವನದೇ.

ದುರ್ಬಲನನ್ನು ಕಾಯುವುದು ಗೋಪ್ಯ. ಬಲಿಷ್ಠನ ತಪ್ಪನ್ನು ಕಾಯುವುದು ಮುಚ್ಚುಮರೆ. ಇಂಗ್ಲಿಷಿನ ಒಂದೇ ಶಬ್ದ ಅಡಗಿಸುವ ಈ ಭೇದವನ್ನು ಕನ್ನಡ ಎತ್ತಿ ತೋರಿಸುತ್ತದೆ. ಅದನ್ನು ಮರೆಯದಿರುವುದು ಲೇಸು.